ಮೈಕು ನಿಂತ ಮಧ್ಯಾಹ್ನ

ನಾನು ಪಕ್ಷಪಾತಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕಡೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೂ ನನ್ನ ಗೆಳೆಯನದೂ ಸೇರಿ ಒಂದು ಮೈಕ್‌ಸೆಟ್ ಅಂಗಡಿ ಇದೆ. ಮದುವೆ, ಆರ್ಕೆಸ್ಟ್ರಾ, ಮಠದ ಕಾರ್ಯಕ್ರಮ, ಯಾರು ಕರೆದರೂ ಹೋಗುತ್ತೇವೆ. ಆದರೆ ಚುನಾವಣೆ ಬಂತೆಂದರೆ ನನಗಿರುವುದು ಒಂದೇ ಪಕ್ಷ. ಎದುರು ಪಕ್ಷದವರ ಜನ್ಮ ಜಾಲಾಡುವ ಕೆಲಸವನ್ನು ಟೀ ಅಂಗಡಿಯಲ್ಲೂ ಕೊಬ್ಬರಿ ಮಂಡಿಯಲ್ಲೂ, ಕೇಳದವರ ಮುಂದೆಯೂ ಮಾಡಿದ್ದೇನೆ. "ನಿನ್ ಬಾಯಿಗೆ ಆಂಪ್ಲಿಫೈಯರ್ ಬ್ಯಾಡ ಕಣೋ" ಎಂದು ಗೆಳೆಯ ರೇಗಿಸುತ್ತಿದ್ದ. ಅವನಿಗೆ ಪಕ್ಷವಿರಲಿಲ್ಲ. ಇದ್ದದ್ದು ಪುಟ್ಟ ಮಗಳು.

ಕಳೆದ ವಿಧಾನಸಭಾ ಚುನಾವಣೆಯ ಸಮಯದಲ್ಲಿ ನಾನು ಊಟಕ್ಕೆ ಹೋಗಿದ್ದಾಗ ಎದುರು ಪಕ್ಷದವರು ಅಂಗಡಿಗೆ ಬಂದರು. ಅಜ್ಜಂಪುರದ ಬಹಿರಂಗ ಸಭೆಗೆ ಮೈಕ್ ಬೇಕೆಂದು ಗೆಳೆಯನ ಕೈಗೆ ಎಲೆ ಅಡಿಕೆ ಇಟ್ಟು ಹೋದರು. ನಮ್ಮ ಕಡೆ ಎಲೆ ಅಡಿಕೆ ಹಿಡಿದರೆ ಮುಗಿಯಿತು, ಆ ಕೆಲಸ ಬಿಡುವ ಹಾಗಿಲ್ಲ. ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ.

"ಇಸ್ಕೊಂಡ್ಬಿಟ್ಟಿದೀನಿ ಕಣೋ. ವಾಪಸ್ ಕೊಟ್ರೆ ನಾಳೆ ಯಾರ್ ಕರೀತಾರೆ?" ಎಂದ.

"ನೀನೇ ಹೋಗು."

"ಸೌಂಡ್ ಮಿಕ್ಸರ್ ನಡ್ಸೋಕೆ ನಂಗೆ ಬರಲ್ಲ ಅಂತ ನಿಂಗೊತ್ತಿಲ್ವಾ?"

ಹೋದೆ. ವೈರು ಎಳೆಯಲು ಅವನೂ ಬಂದ. ಅದೇ ಮಧ್ಯಾಹ್ನ ತರೀಕೆರೆಯಲ್ಲಿ ನಮ್ಮ ಪಕ್ಷದ ಮೆರವಣಿಗೆ. ನಾನು ಇಲ್ಲಿ, ಯಾರ ಮುಖ ಕಂಡರೆ ಆಗುವುದಿಲ್ಲವೋ ಅವರ ದನಿಯನ್ನು ದೊಡ್ಡದು ಮಾಡಲು ಸ್ಪೀಕರ್ ಏರಿಸುತ್ತಿದ್ದೆ. ಮೈಕ್ ಪರೀಕ್ಷೆಗೆ ಎಲ್ಲರೂ ಭಕ್ತಿಗೀತೆ ಹಾಕುತ್ತಾರೆ. ನಾನು ಪಂಕ್ ಎಂಬ ಇಂಗ್ಲಿಷ್ ಅಬ್ಬರದ ಹಾಡು ಹಾಕುತ್ತೇನೆ. ಶಿವಮೊಗ್ಗದ ಕಾಲೇಜು ಹುಡುಗರು ಒಂದು ಕಾರ್ಯಕ್ರಮದಲ್ಲಿ ಮರೆತುಹೋದ ಪೆನ್‌ಡ್ರೈವ್‌ನಿಂದ ನನಗೆ ಅಂಟಿದ ಹುಚ್ಚು ಅದು. ಹಾಡುವವನ ಇಂಗ್ಲಿಷ್ ಅರ್ಧಕ್ಕರ್ಧ ತಿಳಿಯುವುದಿಲ್ಲ, ಸಿಟ್ಟು ಪೂರ್ತಿ ತಿಳಿಯುತ್ತದೆ. ಅದರಲ್ಲಿ ಒಂದು ಮರ್ಯಾದೆಯೂ ಇದೆ. ಹೇಳಬೇಕಾದ್ದನ್ನು ಎರಡು ನಿಮಿಷದಲ್ಲಿ ಕಿರುಚಿ ಮುಗಿಸುತ್ತಾರೆ. ನಮ್ಮ ನಾಯಕರಲ್ಲಿ ಯಾರಿಗಿದೆ ಆ ಗುಣ? ನನ್ನ ಪಕ್ಷದವರಿಗೂ ಇಲ್ಲ, ಒಪ್ಪಿಕೊಳ್ಳುತ್ತೇನೆ.

"ಏನಪ್ಪಾ ಇದು, ತಗಡು ಬಡ್ದಂಗೆ? ಆರ್ಸು!" ಎಂದು ವೇದಿಕೆಯ ಮೇಲಿದ್ದ ಒಬ್ಬ ಕೂಗಿದ. ಆರಿಸಿದೆ.

ಅಲ್ಲಿ ನಾನು ಯಾರೆಂದು ಗೊತ್ತಿದ್ದವರು ಬೇಕಾದಷ್ಟಿದ್ದರು. ಮಿಕ್ಸರಿನ ಹಿಂದೆ ಪಕ್ಷದ ಶಾಲು ಹೊದ್ದ ಇಬ್ಬರು ಬಂದು ನಿಂತರು. ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ನಾಯಕರು ಎದ್ದರು. ಈ ಸಲ ಗೆಲ್ಲಿಸಿ, ಎಲ್ಲ ಕೆರೆಗೂ ನೀರು ಎಂದರು. ಹಿಂದಿನ ಸಲವೂ ಇದೇ ಜಾಗದಲ್ಲಿ ಇದೇ ಕೆರೆಗೆ ಇದೇ ನೀರು ಬಿಟ್ಟಿದ್ದರು. ಬಟನ್ ಒಂದನ್ನು ಒತ್ತಿದರೆ ಆ ಸುಳ್ಳು ಅಲ್ಲಿಗೇ ನಿಲ್ಲುತ್ತಿತ್ತು. ಒತ್ತಬೇಕೆಂದು ಅನಿಸಲಿಲ್ಲ ಎಂದರೆ ನಾನೂ ಭಾಷಣ ಮಾಡಿದಂತಾಗುತ್ತದೆ. ಆದರೆ ಒತ್ತಲಿಲ್ಲ. ಎಲೆ ಅಡಿಕೆ ಹಿಡಿದಿದ್ದೆವು.

ಅಷ್ಟರಲ್ಲಿ ದೊಡ್ಡ ಹಾರ ಹೊತ್ತ ಗುಂಪೊಂದು ವೇದಿಕೆಗೆ ನುಗ್ಗಿತು. ಯಾರದೋ ಕಾಲು ಜಮಖಾನದ ಕೆಳಗಿನ ಕೇಬಲ್ಲಿಗೆ ತೊಡರಿತು. "ಈ ನನ್ನ ಉಸಿರಿರುವ ತನಕ" ಎಂದಿದ್ದರು ನಾಯಕರು, ಮೈಕು ನಿಂತಿತು. ಅವರ ಬಾಯಿ ಮಾತ್ರ ಆಡುತ್ತಿತ್ತು.

ನನಗೆ ನಗು ಬಂತು. ಏನು ಮಾಡಲಿ, ಬಂದುಬಿಟ್ಟಿತು. ಬಂದ ನಗುವನ್ನು ಮುಚ್ಚಿಡುವ ಮುಖ ನನ್ನದಲ್ಲ. ವೇದಿಕೆಯ ಪಕ್ಕದಲ್ಲಿದ್ದ ಗೆಳೆಯ ನನ್ನ ಕಡೆ ತಿರುಗಿದ್ದು ಸರಿಯಾಗಿ ಆಗಲೇ.

"ಲೇ, ಬೇಕಂತ್ಲೇ ಮಾಡವ್ನೆ!" ಶಾಲಿನವನ ಕೈ ನನ್ನ ಕುತ್ತಿಗೆಪಟ್ಟಿಗೆ ಬಂತು. ಕುರ್ಚಿಗಳು ಉರುಳಿದವು. ಕೇಬಲ್ ನೋಡಿ, ಕೇಬಲ್ ನೋಡಿ ಎಂದು ಅರಚಿದೆ. ಯಾರು ಕೇಳುತ್ತಾರೆ? ಬಾವುಟ ಕಟ್ಟಿದ ದೊಣ್ಣೆಯೊಂದು ಮೇಲೆದ್ದಿತು. ನಿಜವಾಗಿ ಹೆದರಿದೆ.

ಗೆಳೆಯ ಜನರನ್ನು ಸೀಳಿಕೊಂಡು ಬಂದು ನನ್ನ ಮುಂದೆ ನಿಂತ. ದೇವಿಯ ಗುಡಿಯಿರುವ ಅಂತರಘಟ್ಟೆಯ ದಿಕ್ಕಿಗೆ ಕೈ ಎತ್ತಿದ. "ಇವ್ನು ಮಾಡಿಲ್ಲ ಕಣ್ರೀ. ಅಮ್ಮನ ಮೇಲಾಣೆ. ನನ್ ಮಗಳ ಮೇಲಾಣೆ."

ದೊಣ್ಣೆ ಇಳಿಯಿತು. ಅಂತರಘಟ್ಟಮ್ಮನ ಹೆಸರಿನಲ್ಲಿ ನಮ್ಮ ಸೀಮೆಯಲ್ಲಿ ಯಾರೂ ಸುಮ್ಮಸುಮ್ಮನೆ ಆಣೆ ಇಡುವುದಿಲ್ಲ, ಮಗುವನ್ನು ಸೇರಿಸಿಯಂತೂ ಇಲ್ಲವೇ ಇಲ್ಲ. ಯಾರೋ ಕೇಬಲ್ ಹುಡುಕಿ ಸಿಕ್ಕಿಸಿದರು. ನಾಯಕರು ನಿಂತಲ್ಲಿಂದ, ಆ ಉಸಿರಿನಿಂದಲೇ ಮುಂದುವರಿಸಿದರು.

ಮಾರನೆಯ ದಿನ ತರೀಕೆರೆಯಲ್ಲಿ ನನ್ನ ಪಕ್ಷದವರು ನನ್ನನ್ನು ಕಚೇರಿಗೆ ಕರೆಸಿ ಹಾರ ಹಾಕಿದರು. "ಸರಿಯಾದ್ ಟೈಮಿಗೆ ಆರಿಸ್ದೆ ನೋಡು, ಭಲೇ!" ಎಂದು ಬೆನ್ನು ತಟ್ಟಿದರು. ನಾನಲ್ಲ ಎಂದೆ. ಕಣ್ಣು ಮಿಟುಕಿಸಿದರು. ಜೀವಮಾನವೆಲ್ಲ ಯಾರ ಪರ ಗಂಟಲು ಹರಿದುಕೊಂಡೆನೋ ಅವರಿಗೆ ನಾನು ಇಷ್ಟೇ ಎಂದು ಮೈ ಉರಿಯಿತು. ಬರುವಾಗ ಹಾರವನ್ನು ಬಸ್ಸಿನಲ್ಲೇ ಬಿಟ್ಟೆ. ಸುದ್ದಿ ಮಾತ್ರ ನನಗಿಂತ ಮೊದಲೇ ಕಡೂರು ತಲುಪಿತ್ತು.

ಗೆಳೆಯ ಸ್ಪೀಕರ್ ಒರೆಸುತ್ತಿದ್ದವನು ಬಟ್ಟೆ ಕೆಳಗಿಟ್ಟ. "ಹಾರ ಹಾಕುದ್ರಂತೆ?"

"ಅವರಿಗೆ ತಲೆ ಕೆಟ್ಟದೆ."

"ನಗ್ತಿದ್ದೆ ನೀನು. ನೋಡ್ದೆ ನಾನು." ಅವನ ದನಿ ಏರಲಿಲ್ಲ. "ಮಗೀನ್ ಮೇಲೆ ಆಣೆ ಇಟ್ಟಿದೀನಿ ಕಣೋ. ನಿಜ ಹೇಳು."

"ನಾನು ಮಾಡಿಲ್ಲ."

ತಲೆಯಾಡಿಸಿದ. ಮತ್ತೆ ಬಟ್ಟೆ ಎತ್ತಿಕೊಂಡ. ಮುಗಿಯಿತೆಂದುಕೊಂಡೆ.

ಮತದಾನದ ಮರುದಿನ ಅಂಗಡಿಗೆ ಬೀಗ ಬಿದ್ದಿತ್ತು. ಅವನ ಮನೆಗೆ ಹೋದೆ. ಜಗುಲಿಯಲ್ಲಿ ಅವನ ಹೆಂಡತಿ ಮಗಳಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ಮಗುವಿಗೆ ಏನೂ ಆಗಿರಲಿಲ್ಲ. ನನ್ನನ್ನು ಕಂಡು ಅನ್ನ ಮೆತ್ತಿದ ಕೈ ಚಾಚಿತು.

"ಅಂತರಘಟ್ಟೆಗೆ ಹೋಗವ್ರೆ ಕಣಣ್ಣ" ಎಂದಳು. "ಅಮ್ಮಂಗೆ ತಪ್ಪುಕಾಣಿಕೆ ಹಾಕ್ಬೇಕು, ಮಗೀಗೆ ಏನೂ ಆಗ್ಬಾರ್ದು ಅಂತ ಬೆಳಗ್ಗೇನೇ ಬಸ್ ಹತ್ತುದ್ರು. ಏನ್ ತಪ್ಪು ಅಂದ್ರೆ ಬಾಯಿ ಬಿಡ್ಲಿಲ್ಲ. ನಿಮಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಎಂದೆ.