ಪೂಜೆಗೆ ಕುಳಿತ ಮಾಂಗಾ

ಅದು ಪುಸ್ತಕವೇ ಅಲ್ಲ ಎಂದು ನಾನು ತೀರ್ಪು ಕೊಟ್ಟದ್ದು ನವರಾತ್ರಿಗೆ ಒಂದು ವಾರ ಮೊದಲು, ಲಂಡನ್ನಿನ ಗ್ರೀನ್‌ಫರ್ಡಿನ ನಮ್ಮ ಮನೆಯ ಅಡುಗೆಮನೆಯಲ್ಲಿ, ಸೊಸೆ ಮತ್ತು ಒಂದು ಕುಕ್ಕರಿನ ಸಮ್ಮುಖದಲ್ಲಿ. ಹದಿಮೂರರ ಮೊಮ್ಮಗಳು ಹೊಸದಾಗಿ ಶುರುವಾದ ಮಾಂಗಾ ಒಂದರ ಮೊದಲ ಸಂಪುಟ ತಂದು ನನ್ನ ಚಹಾದ ಪಕ್ಕ ಇಟ್ಟಿದ್ದಳು. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಇದು ಹದಿಹರೆಯದ ಹುಡುಗರಿಗೆಂದೇ ಬರೆಯುವ ಬಗೆಯದಂತೆ. ಓದುತ್ತಿದ್ದವಳು ಹುಡುಗಿ, ಮುಂದೆ ಓದಲಿದ್ದವನಿಗೆ ಎಪ್ಪತ್ತೆರಡು.

"ಚಿತ್ರ ಅದಾವ, ವಿಷಯ ಇಲ್ಲ," ಎಂದೆ. ಮೂವತ್ತು ವರ್ಷ ಇಲ್ಲಿಯ ಶಾಲೆಯಲ್ಲಿ ಗಣಿತ ಕಲಿಸಿದವನ ಮಾತು; ಅದಕ್ಕೆ ಅಪೀಲು ಇರಲಿಲ್ಲ.

"ಯು ಹ್ಯಾವನ್ಟ್ ಓಪನ್ಡ್ ಇಟ್, ಅಜ್ಜಾ."

ನ್ಯಾಯ ನಿಷ್ಪಕ್ಷಪಾತವಾಗಿರಬೇಕು. ಆದ್ದರಿಂದ ಮರುದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಅವಳ ಕಪಾಟಿನಿಂದ ತೆಗೆದು ನೋಡಿದೆ. ತಪ್ಪು ಕಡೆಯಿಂದ ತೆರೆದಿದ್ದೀರಿ, ಇದನ್ನು ಬಲದಿಂದ ಎಡಕ್ಕೆ ಓದಬೇಕು ಎಂದು ಮೊದಲು ಸಿಕ್ಕ ಪುಟವೇ ಗದರಿಸಿತು. ಈ ವಯಸ್ಸಿನಲ್ಲಿ ನನ್ನನ್ನು ಗದರಿಸುವವರು ಯಾರೂ ಉಳಿದಿಲ್ಲ. ಸ್ವಲ್ಪ ಗೌರವ ಹುಟ್ಟಿತು.

ಕಥಾನಾಯಕ ಹದಿನೈದರ ಪೋರ. ಅವನ ಊರಿನಲ್ಲಿ ಎಲ್ಲರಿಗೂ ಒಂದೊಂದು ಮಹಾಶಕ್ತಿ: ಒಬ್ಬ ಹಾರುತ್ತಾನೆ, ಇನ್ನೊಬ್ಬಳು ಬೆಂಕಿ ಉಗುಳುತ್ತಾಳೆ. ಇವನಿಗೆ ಮನಸಾರೆ ಕ್ಷಮೆ ಕೇಳಿದಾಗಲೆಲ್ಲ ತೋಳಿನ ಬಲ ಇಮ್ಮಡಿಯಾಗುತ್ತದೆ. ಕಾಟಾಚಾರಕ್ಕೆ ಕೇಳಿದರೆ ಏನೂ ಆಗದು. ಈ ನಿಯಮ ಒಳ್ಳೆಯದೇ. ಇಲ್ಲದಿದ್ದರೆ ಬೆಳಿಗ್ಗೆ ಎಂಟರ ಟ್ಯೂಬ್ ರೈಲಿನಲ್ಲಿ ಸಾರಿ ಸಾರಿ ಎನ್ನುತ್ತ ನಿಂತವರೆಲ್ಲ ಸೇರಿ ಲಂಡನ್ನನ್ನೇ ಎತ್ತಿ ಪಕ್ಕಕ್ಕಿಡುತ್ತಿದ್ದರು. ತೊಂದರೆಯೆಂದರೆ ಪೋರ ಹಟಮಾರಿ. ಕ್ಷಮೆ ಕೇಳುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಂತೆ. ನನ್ನದೂ ಹೆಚ್ಚುಕಡಿಮೆ ಅದೇ ಜಾತಕ.

ದಿನಕ್ಕೊಂದು ಅಧ್ಯಾಯ ಕದ್ದು ಓದಿದೆ. ಕೊನೆಯದೊಂದು ಉಳಿದಾಗ ಪೋರ ಕುಸಿಯುತ್ತಿದ್ದ ನೀರಿನ ಟ್ಯಾಂಕನ್ನು ಹೊತ್ತು ನಿಂತಿದ್ದ. ಟ್ಯಾಂಕು ಇಂಚಿಂಚಾಗಿ ಕೆಳಗಿಳಿಯುತ್ತಿತ್ತು. ಎದುರಿಗೆ ತಂಗಿ, ಅವಳಿಗೆ ಮಾಡಿದ ಒಂದು ಹಳೆಯ ಅನ್ಯಾಯಕ್ಕೆ ಇವನು ಇನ್ನೂ ಕ್ಷಮೆ ಕೇಳಿರಲಿಲ್ಲ. ಕೇಳುತ್ತಾನೋ ಇಲ್ಲವೋ? ಅಷ್ಟರಲ್ಲಿ ಹೊರಬಾಗಿಲಿನ ಬೀಗದ ಸದ್ದಾಯಿತು. ಪುಸ್ತಕ ಕಪಾಟಿಗೆ ಮರಳಿತು.

ಅಂದೇ ಸಂಜೆ ಸರಸ್ವತಿ ಪೂಜೆ. ಪುಸ್ತಕಗಳನ್ನು ದೇವಿಯ ಮುಂದೆ ಇಟ್ಟ ಮೇಲೆ ವಿಜಯದಶಮಿಯ ಪೂಜೆಯವರೆಗೆ ಯಾರೂ ಓದಬಾರದು. ಈ ಕಾಯಿದೆಯನ್ನು ಧಾರವಾಡದಿಂದ ತಂದು ಇಲ್ಲಿ ಜಾರಿಗೊಳಿಸಿದವನು ನಾನೇ. ಹೋಮ್‌ವರ್ಕಿನ ಕಾರಣದಿಂದ ಮೊಮ್ಮಗಳಿಗೂ ಇದು ಬಹಳ ಪವಿತ್ರ. ಅವಳು ಸ್ಕೂಲ್ ಬ್ಯಾಗು ಇಟ್ಟಳು, ಗ್ರಂಥಗಳನ್ನು ಪೇರಿಸಿದಳು, ತುತ್ತತುದಿಗೆ ಮಾಂಗಾ ಇಟ್ಟಳು.

"ಅದನ್ಯಾಕ ಇಟ್ಟಿ?"

"ಯು ಸೆಡ್ ಆಲ್ ಬುಕ್ಸ್."

"ಅದು ಪುಸ್ತಕ ಅಲ್ಲ."

"ಇರಲಿ ಬಿಡ್ರಿ ಮಾಮಾ, ಮೂರು ದಿನದ ಮಾತು," ಎಂದಳು ಸೊಸೆ, ಅದಕ್ಕೂ ಕುಂಕುಮ ಹಚ್ಚುತ್ತ.

ಮೂರು ದಿನ. ಟ್ಯಾಂಕು ಹೊತ್ತವನ ಗತಿ?

ಎರಡನೆಯ ದಿನ ಮಧ್ಯಾಹ್ನ ಸೊಸೆ ಅಂಗಡಿಗೆ ಹೋದಳು, ಮೊಮ್ಮಗಳು ನೆಟ್‌ಬಾಲಿಗೆ ಹೋದಳು. ನಾನು ಕಾನೂನನ್ನು ಪರಿಶೀಲಿಸಿದೆ. ನಿಷೇಧವಿರುವುದು ಪುಸ್ತಕಕ್ಕೆ. ಇದು ಪುಸ್ತಕವಲ್ಲವೆಂಬ ತೀರ್ಪು ಈಗಾಗಲೇ ಇದೆ, ಅದೂ ನನ್ನದೇ. ದೇವಿಗೆ ಕೈಮುಗಿದು, ಚೆಂಡುಹೂವು ಸರಿಸಿ, ಮೆಲ್ಲಗೆ ಎತ್ತಿದೆ.

"ಅಜ್ಜಾ."

ನೆಟ್‌ಬಾಲು ಬೇಗ ಮುಗಿದಿತ್ತು.

"ಹೂವು ಬಾಡಿತ್ತು, ಬದಲಸ್ಲಿಕತ್ತಿದ್ದೆ."

"ಓದೋ ಚಾಳೀಸು ಹಾಕ್ಕೊಂಡು?" ಇಂಥ ಸಂದರ್ಭಗಳಿಗೆಂದೇ ಅವಳು ತನ್ನ ಕನ್ನಡವನ್ನು ಕಾಯ್ದಿಡುತ್ತಾಳೆ.

"ಇದು ಪುಸ್ತಕ ಅಲ್ಲಲ್ಲಾ, ಅದಕ್ಕ..."

"ಸೋ ವೈ ಡು ಯು ವಾಂಟ್ ಇಟ್?"

ನಾನು ಕನ್ನಡಕ ತೆಗೆದು ಜೇಬಿಗಿಳಿಸಿದೆ.

"ಮಮ್ಮಿಗೆ ಹೇಳೂದಿಲ್ಲ. ಬಟ್ ಸೇ ಸಾರಿ. ನನಗಲ್ಲ, ಅದಕ್ಕ."

ನಮ್ಮ ವಂಶದಲ್ಲಿ ಮನುಷ್ಯರ ಕ್ಷಮೆ ಕೇಳಿದವರೇ ಅಪರೂಪ. "ಸಾರಿ," ಎಂದೆ, ಕಿಟಕಿಯ ಕಡೆ ನೋಡುತ್ತ.

"ದಟ್ ಡಸನ್ಟ್ ಕೌಂಟ್. ಮನಸಿನಿಂದ."

ಕೈಯಲ್ಲಿದ್ದ ಪುಸ್ತಕವನ್ನು ನೋಡಿದೆ. ಮುಖಪುಟದ ಪೋರನೂ ನನ್ನನ್ನೇ ನೋಡುತ್ತಿದ್ದ. "ತಪ್ಪಾತು," ಎಂದೆ. "ತೆರೀದನ ಮಾತಾಡಿದೆ. ಅದು ಪುಸ್ತಕನ."

ಅವಳು ತಲೆಯಾಡಿಸಿ, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಮತ್ತೆ ದೇವಿಯ ಮುಂದೆ ಇಟ್ಟು, ಮೇಲೆ ಚೆಂಡುಹೂವು ಇಟ್ಟಳು.

"ಪುಸ್ತಕ ಅಂದಮ್ಯಾಲ ನಾಳೆತನಕ ಮುಟ್ಟಂಗಿಲ್ಲ, ಅಜ್ಜಾ. ಯುವರ್ ರೂಲ್."

ಮರುದಿನ ಪೂಜೆಯ ನಂತರ ಮನೆಯ ಹಿರಿಯ ಒಂದು ಪುಟ ಗಟ್ಟಿಯಾಗಿ ಓದಬೇಕು. ಪ್ರತಿವರ್ಷ ಸಂಸ್ಕೃತ ಶ್ಲೋಕ ಓದುತ್ತೇನೆ. ಈ ಸಲ ಮೇಲಿದ್ದುದನ್ನೇ ತೆಗೆದು, ಬಲದಿಂದ ಎಡಕ್ಕೆ, ಕನ್ನಡಕ್ಕೆ ತಿರುಗಿಸಿ, ಅದೇ ರಾಗದಲ್ಲಿ ಓದಿದೆ: "ತಪ್ಪಾತವಾ ತಂಗಿ." ಟ್ಯಾಂಕು ಹೂವಿನಂತೆ ಮೇಲೆದ್ದಿತು. ಸೊಸೆ ಆರತಿ ತಟ್ಟೆ ಹಿಡಿದವಳು ಹಾಗೇ ನಿಂತಿದ್ದಳು.

ಎಲ್ಲರೂ ಊಟಕ್ಕೆ ಒಳಗೆ ಹೋದ ಮೇಲೆ, ಪೂಜೆಗಿಟ್ಟಿದ್ದ ಮೊಮ್ಮಗಳ ಸ್ಕೂಲ್ ಬ್ಯಾಗನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದೆ. ಮೊದಲಿನಷ್ಟೇ ಭಾರವಿತ್ತು.