ಹಗ್ಗ ಬಿಚ್ಚಿಸಿದ ರಾಣಿ

ಗಾಂಧಿ ಟೊಪಗಿ ತೆಗೆದರೆ ಕಾಕಾರ ಕೂದಲು ಸೊಂಟದವರೆಗೆ ಇಳಿಯುತ್ತಿತ್ತು. ಎಣ್ಣೆ ಹಚ್ಚಿ, ಸುತ್ತಿ ಗಂಟು ಹಾಕಿ, ಆ ಗಂಟಿನ ಮೇಲೆ ಟೊಪಗಿ ಕೂರಿಸಿಕೊಂಡು ಅವರು ಜತ್ತದ ಹತ್ತಿರದ ಸಂಖ ಊರಿನ ತಮ್ಮ ಮನೆಯ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದರು. ಟೊಪಗಿ ಉಳಿದವರದಕ್ಕಿಂತ ನಾಲ್ಕು ಬೆರಳು ಎತ್ತರ ನಿಲ್ಲುತ್ತಿತ್ತು. ಗಿರಾಕಿಗಳು ಅದನ್ನು ನೋಡಿ ಮುಸಿಮುಸಿ ನಗುವರು. ಕಾಕಾ ತಕ್ಕಡಿಯಿಂದ ಕಣ್ಣೆತ್ತದೆ, "ನಗೂದು ಮುಗೀತಂದ್ರ ಹೇಳ್ರಿ, ಚಹಾಪುಡಿ ಎಷ್ಟು ಕಟ್ಟಲಿ?" ಎಂದು ಕೇಳುವರು.

ಅವರು ನನಗೆ ರಕ್ತಸಂಬಂಧದ ಕಾಕಾ ಅಲ್ಲ. ಅವರದು ಊರೊಳಗಿನ ಶೈವ ಮನೆತನ, ನಮ್ಮದು ಊರ ಹೊರಗಿನ ದಲಿತ ಬೌದ್ಧರ ಕೇರಿ. ನಮ್ಮನ್ನು ಕೂಡಿಸಿದ್ದು ದೊಡ್ಡಾಟ. ನಮ್ಮ ಕಡೆಯ ದೊಡ್ಡಾಟದಲ್ಲಿ ಮಾತಿಗಿಂತ ಹಾಡು ಹೆಚ್ಚು. ರಾಜ, ರಾಣಿ, ಸೂತ್ರಧಾರನಂಥ ಸಾರಥಿ ಎಲ್ಲರೂ ಹಾಡುತ್ತ ಕುಣಿಯುತ್ತಲೇ ಕಥೆ ನಡೆಸಬೇಕು. ಹೆಂಗಸರು ಬಣ್ಣ ಹಚ್ಚುವ ಪದ್ಧತಿ ಮೇಳದಲ್ಲಿ ಇರಲಿಲ್ಲ, ಹೀಗಾಗಿ ರಾಣಿ ಯಾವಾಗಲೂ ಕಾಕಾನೇ. ಇಳಕಲ್ ಸೀರೆಯುಟ್ಟು ಅವರು ಹೆಜ್ಜೆ ಇಟ್ಟರೆ ನಮ್ಮವ್ವ, "ಸೆರಗು ಹ್ಯಾಂಗ ಹೊರಬೇಕಂತ ಇವರ್ನ ನೋಡಿ ಕಲೀಬೇಕ ನೋಡು" ಎನ್ನುತ್ತಿದ್ದಳು.

ಆದರೆ ಅವ್ವ ನೋಡುತ್ತಿದ್ದುದು ಹಗ್ಗದಾಚೆಯಿಂದ. ಆಟದ ದಿನ ಹಂದರದ ಎಡಕ್ಕೆ ಒಂದು ಹಗ್ಗ ಕಟ್ಟುತ್ತಿದ್ದರು. ಕೇರಿಯವರು ಅದರಾಚೆ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಹಿಂದೆ ಕೂಡಬೇಕು. ಅಲ್ಲಿಂದ ಕುಣಿಯುವವರ ಬೆನ್ನಷ್ಟೇ ಕಾಣುತ್ತಿತ್ತು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಆಟ ಶುರುವಾಗಿ, ಸಾರಥಿ ಪರದೆಯ ಕಡೆ ತಿರುಗಿ ರಾಣಿಯನ್ನು ಕರೆದ. ಯಾರೂ ಬರಲಿಲ್ಲ. ಮತ್ತೊಮ್ಮೆ ಕರೆದ.

"ರಾಣಿ ಬರೂದಿಲ್ಲ!" ಪರದೆಯ ಹಿಂದಿನಿಂದ ಕಾಕಾರ ದನಿ ಬಂತು. "ತನ್ನ ಮಂದೀನ ಹಗ್ಗದಾಚೆ ಕುಂದರ್ಸೂ ರಾಜ್ಯಕ್ಕ ರಾಣಿ ಬರೂದಿಲ್ಲ. ಮೊದಲ ಅದನ್ನ ಬಿಚ್ಚರಿ."

ಇದೂ ಆಟದ ಮಾತೇ ಇರಬೇಕೆಂದು ಜನ ನಕ್ಕರು. ಪೇಟಿ ಮಾಸ್ತರರು ಒಂದೇ ಸ್ವರ ಒತ್ತಿ ಹಿಡಿದು ಕಾದರು, ಕಡೆಗೆ ಬೇಸತ್ತು ಕೈ ತೆಗೆದರು. ನಗು ನಿಂತು ಗುಸುಗುಸು ಎದ್ದಿತು. ಮರ್ಯಾದೆಗೆ ಅಂಜಿ ಕಾಕಾರ ಅಣ್ಣನೇ ಎದ್ದು, ತಮ್ಮನನ್ನು ಬೈಯುತ್ತ ಬೈಯುತ್ತ ಹಗ್ಗ ಬಿಚ್ಚಿದರು. ನಾವು ಮುಂದೆ ಹೋಗಿ ಕುಳಿತೆವು. ರಾಣಿಯ ಮುಖವನ್ನು ನಾನು ಎದುರಿನಿಂದ ನೋಡಿದ್ದು ಅಂದೇ ಮೊದಲು. ಬೆವರಿಗೆ ಬಣ್ಣ ಕರಗಿ ಗಲ್ಲದ ಮೇಲೆ ಇಳಿದಿತ್ತು. ಅವರು ಎಷ್ಟು ಹೆದರಿದ್ದರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ನನಗೆ ಹಾಡು ಕಲಿಸಿದವರೂ ಅವರೇ. ಜೋಳದ ಕೊಯ್ಲಿನಲ್ಲಿ ನಾನು ಹಾಡುವುದನ್ನು ಕೇಳಿ, ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅಂಗಡಿಗೆ ಕರೆದು ನಿಲ್ಲಿಸಿಕೊಳ್ಳುತ್ತಿದ್ದರು. "ಗಂಟಲಾಗ ಹಾಡಬ್ಯಾಡ ತಂಗಿ. ಹಿಮ್ಮಡ ನೆಲಕ್ಕ ಊರು, ಅಲ್ಲಿಂದ ದನಿ ತಗಿ" ಎನ್ನುವರು. ತಾವು ಅರ್ಧ ಕುಡಿದ ಚಹಾವನ್ನು ಮರೆತು, ನನ್ನ ಹಾಡಿನ ಒಂದು ನುಡಿ ಸರಿಹೋಗುವವರೆಗೆ ಬಿಡುತ್ತಿರಲಿಲ್ಲ.

ನಾನು ಜತ್ತದ ಕಾಲೇಜಿಗೆ ಹೋಗತೊಡಗಿದ ವರ್ಷ ಅವರು ಮೇಳದ ಹಿರಿಯರ ಮುಂದೆ ಪಟ್ಟು ಹಿಡಿದು ಕುಳಿತರು. ಹೆಣ್ಣುಮಗಳು ರಂಗಕ್ಕೆ ಬರಬೇಕು, ಅದೂ ಕೇರಿಯ ಹುಡುಗಿಯೇ ಬರಬೇಕು. "ನಾ ರಾಣಿ, ಇಕಿ ನನ್ನ ಮಗಳು. ಇಬ್ಬರೂ ಕೂಡಿ ಹಾಡತೀವಿ. ಇಲ್ಲಂದ್ರ ನಾನೂ ಬಣ್ಣ ಹಚ್ಚೂದಿಲ್ಲ" ಎಂದರು. ಮೂರು ಸಲ ಸಭೆ ಸೇರಿ ಜಗಳವಾಡಿ ಹಿರಿಯರು ಒಪ್ಪಿದರು. ಆಗ ಪೇಟಿ ಮಾಸ್ತರರು ನನ್ನ ಕಡೆ ತಿರುಗಿ, "ನೀ ಏನಂತೀ?" ಎಂದು ಕೇಳಿದರು.

ಭಾಷಣದಲ್ಲಿ ಬಹುಮಾನ ಗೆದ್ದು ಬೀಗುತ್ತಿದ್ದ ಕಾಲ ಅದು. "ಹೆಣ್ಣಿನ ಪಾತ್ರ ಹೆಣ್ಣಮಕ್ಕಳ ಮಾಡಬೇಕ್ರಿ" ಎಂದೆ. ಅಷ್ಟಕ್ಕೇ ಸುಮ್ಮನಾಗದೆ, "ಗಂಡಸು ಸೀರಿ ಉಟ್ರ ಮಂದಿ ನಗತಾರ" ಎಂದೂ ಸೇರಿಸಿದೆ.

"ಹಂಗಾರ ರಾಣಿನೂ ನೀನ ಆಗು" ಎಂದರು ಮಾಸ್ತರರು.

ಕಾಕಾ ಟೊಪಗಿ ತೆಗೆದು, ಗಂಟು ಸರಿಮಾಡಿಕೊಂಡು, ಮತ್ತೆ ಹಾಕಿಕೊಂಡರು. "ಖರೇ ಐತಿ ತಂಗಿ" ಎಂದರು.

ನಾನು ಹೇಳಿದ ಮೊದಲ ಮಾತು ಇಂದಿಗೂ ನನಗೆ ತಪ್ಪೆನಿಸುವುದಿಲ್ಲ. ಎರಡನೆಯದು ಬರೀ ಸುಳ್ಳು. ಅಂಗಡಿಯಲ್ಲಿ ನಗುತ್ತಿದ್ದ ಊರು ಕಾಕಾರನ್ನು ನಗದೆ ನೋಡುತ್ತಿದ್ದ ಜಾಗ ಆ ರಂಗವೊಂದೇ. ಅಲ್ಲಿಗೆ ಅವರು ನನ್ನನ್ನು ಕೈಹಿಡಿದು ಹತ್ತಿಸಿದರು, ನಾನು ಅವರನ್ನೇ ಕೆಳಗಿಳಿಸಿದೆ.

ಆ ವರ್ಷ ಅವರಿಗೆ ಮೀಸೆ ಅಂಟಿಸಿ ಸಾರಥಿಯ ಪಾತ್ರ ಕೊಟ್ಟರು. ಎರಡನೆಯ ನುಡಿಗೆ ದನಿ ನಿಂತುಹೋಯಿತು. ಜನ ಹೋ ಎಂದು ನಕ್ಕರು. ಆಮೇಲೆ ಅವರು ರಂಗಕ್ಕೆ ಬರಲಿಲ್ಲ. ಆದರೂ ನನ್ನ ಪ್ರತಿ ಆಟಕ್ಕೂ ಬಂದು, ಪರದೆಯ ಹಿಂದೆ ಮೊಣಕಾಲೂರಿ ನನ್ನ ನಿರಿಗೆ ಹಿಡಿಯುತ್ತಿದ್ದರು. "ಅಂಜಬ್ಯಾಡ. ಮುಂದ ನಿಮ್ಮವ್ವ ಕುಂತಾಳ, ಆಕಿಗೆ ಹಾಡು" ಎನ್ನುತ್ತಿದ್ದರು. ಮರುವರ್ಷ ಅಂಗಡಿಗೆ ಹೋದಾಗ ಟೊಪಗಿ ಎಲ್ಲರದರಂತೆ ತಲೆಗೆ ಅಂಟಿ ಕುಳಿತಿತ್ತು. ಕೂದಲು ಏಕೆ ಕತ್ತರಿಸಿದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸಕ್ಕರೆ ಕಟ್ಟಿಸಿಕೊಂಡು ಬಂದುಬಿಟ್ಟೆ.

ಈಗ ನಾನು ವಳಸಂಗ ಎಂಬ ಊರಿನ ಶಾಲೆಯಲ್ಲಿ ಶಿಕ್ಷಕಿ. ನಮ್ಮೂರ ಮೇಳದ ಜವಾಬ್ದಾರಿಯೂ ನನ್ನದೇ. ಹಾಡಬಲ್ಲವರಿಗೆ ಪಾತ್ರ, ಹೆಣ್ಣೋ ಗಂಡೋ ಯಾವ ಕೇರಿಯೋ ಕೇಳಬಾರದು ಎಂದು ಈ ವರ್ಷ ಎಲ್ಲರನ್ನೂ ಒಪ್ಪಿಸಿದೆ. ಕೂಲಿಯ ಹೆಣ್ಣುಮಕ್ಕಳಿಗೂ ವಯಸ್ಸಾದವರಿಗೂ ಆಗಲೆಂದು ಆಟವನ್ನು ರಜೆಯ ದಿನದ ಮಧ್ಯಾಹ್ನಕ್ಕೆ ಇಟ್ಟೆವು. ಅದನ್ನು ಕಾಕಾರಿಗೆ ಹೇಳಲು ಎಸ್‌ಟಿ ಬಸ್ಸು ಹತ್ತಿ ಸಂಖಕ್ಕೆ ಹೋದೆ. ಕಾಕಾ ಅಂಗಡಿಯ ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದರು.

"ಕಾಕಾ, ನಾ ಅವತ್ತು ತಪ್ಪು ಮಾತಾಡಿದ್ನಿರಿ. ರಾಣಿ ಪಾತ್ರ ನಿಮಗ ಇಟ್ಟೀನಿ."

ಕಾಕಾ ಮೆಲ್ಲಗೆ ನನ್ನತ್ತ ಹೊರಳಿದರು. ಆಮೇಲೆ, "ಮಗಳು ಯಾರು?" ಎಂದರು.

"ನಾನ ರಿ."

ಕಣ್ಣು ಮುಚ್ಚಿ ರಾಣಿಯ ಹಾಡನ್ನು ಗುನುಗತೊಡಗಿದರು. ದನಿ ಸೊರಗಿತ್ತು, ಸ್ವರ ಅಲುಗಿರಲಿಲ್ಲ. ಹೊರಗಿನಿಂದ ಅವರ ಅಣ್ಣ, "ಗಿರಾಕಿ ಅದಾರೋ, ಸುಮ್ನಿರು" ಎಂದು ಕೂಗಿದರು. ಕಾಕಾ ಅಲ್ಲಿಗೇ ನಿಲ್ಲಿಸಿದರು. ಆಟಕ್ಕೆ ಎಂಟು ದಿನ ಇರುವಾಗ ತೀರಿಕೊಂಡರು.

ರಾಣಿಯಾಗಿ ನಾನೇ ಹಾಡಬೇಕಾಯಿತು. ಆಟ ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಬಂದು ನನ್ನ ಕೈ ಹಿಡಿದಳು. "ಚಲೋ ಮಾಡಿದಿ ಯವ್ವಾ. ಆದ್ರೂ ರಾಣಿ ಅಂದ್ರ ಅವರ ಬಿಡು."

"ಹೌದ್ರಿ ಆಯಿ," ಎಂದೆ, "ಅವರು ನನಗಿಂತ ಭಾಳ ಚಲೋ ಮಾಡತಿದ್ರು."

ಅಂದು ಮೇಳದ ಹಿರಿಯರ ಮುಂದೆ, ಕಾಕಾ ಕೇಳುವಂತೆ, ನಾನು ಹೇಳಬೇಕಿದ್ದದ್ದು ಈ ಒಂದೇ ಮಾತು.