ಬಾಣಂತಿಯ ಎಣ್ಣೆನೀರಿಗೂ ಲೈಸೆನ್ಸ್

ನ್ಯೂಯಾರ್ಕಿನಲ್ಲಿ ನಾನು ಲೈಸೆನ್ಸ್ ಪಡೆದ ಮಸಾಜ್ ಥೆರಪಿಸ್ಟ್. ಆರು ವರ್ಷ ಅಲ್ಲಿನ ಕ್ವೀನ್ಸ್‌ನ ಕ್ಲಿನಿಕ್ಕಿನಲ್ಲಿ ಜನರ ಬೆನ್ನು, ಸೊಂಟ ನೀವಿದವಳು. ಗಂಡನ ಐಟಿ ಕೆಲಸ ನ್ಯೂಜೆರ್ಸಿಯ ರೂಟ್ ಒನ್ ಹೆದ್ದಾರಿ ಕಡೆ ಬಂತೆಂದು ಅಲ್ಲಿನ ಕೆಂಡಲ್ ಪಾರ್ಕಿಗೆ ಮನೆ ಬದಲಿಸಿದೆವು. ಅಂದೇ ನನ್ನ ಕೈಗೆ ಬೆಲೆಯಿಲ್ಲದಾಯಿತು. ನ್ಯೂಜೆರ್ಸಿಗೆ ಬೇರೆ ಲೈಸೆನ್ಸ್ ಬೇಕಂತೆ! ನಡುವಿನ ನದಿ ದಾಟಿದರೆ ಮನುಷ್ಯರ ಬೆನ್ನುಮೂಳೆ ಬದಲಾಗುತ್ತದೆಯೇ? ಯಾವ ಘನಂದಾರಿ ತಲೆಗೆ ಹೊಳೆದ ಕಾನೂನೋ! ನ್ಯೂಯಾರ್ಕಿನ ಡ್ರೈವಿಂಗ್ ಲೈಸೆನ್ಸ್ ಹಿಡಿದು ಸೇತುವೆ ದಾಟಿ ಬಂದಾಗ ಯಾರೂ ತಡೆಯಲಿಲ್ಲ.

ವುಡ್‌ಬ್ರಿಡ್ಜ್‌ನ ಕ್ಲಿನಿಕ್ಕೊಂದು, ಲೈಸೆನ್ಸ್ ಬಂದ ಕೂಡಲೇ ಬನ್ನಿ ಎಂದು ನನಗಾಗಿ ಕೆಲಸ ಹಿಡಿದಿಟ್ಟಿತ್ತು. ಗಂಡನೊಂದಿಗೆ ಅರ್ಜಿ ತುಂಬಲು ಕುಳಿತೆ. ಅದರಲ್ಲೊಂದು ಪ್ರಶ್ನೆ: ಈ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದೆ ಮಸಾಜ್ ಮಾಡಿ ಏನನ್ನಾದರೂ ಪಡೆದಿದ್ದೀರಾ? ‘ಇಲ್ಲ’ ಎಂದು ಬರೆಯಹೊರಟೆ.

“ತಾಳೇ, ಇಲ್ಲಿಗೆ ಬಂದ್ಮೇಲೆ ಪಕ್ಕದ್ಮನೆ ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ಯಲ್ಲ? ಅವಳ ತಾಯಿ ಸೀರೆ ಕೊಟ್ರಲ್ಲ?” ಎಂದರು ಗಂಡ.

“ಅಯ್ಯೋ, ಅದು ಅರಿಶಿನ ಕುಂಕುಮದ ಜೊತೆ ಕೊಟ್ಟಿದ್ದು ಕಣ್ರೀ!”

“ಫಾರ್ಮಲ್ಲಿ ಏನೂ ಹೈಡ್ ಮಾಡ್ಬಾರ್ದು. ನಾಳೆ ಗ್ರೀನ್ ಕಾರ್ಡಿಗೆ ಪ್ರಾಬ್ಲಂ ಆದ್ರೆ?”

ವೀಸಾ ಫಾರ್ಮು ತುಂಬಿ ತುಂಬಿ ನಮ್ಮವರಿಗೆ ಕೇಳಿದ್ದು, ಕೇಳದ್ದು ಎಲ್ಲವನ್ನೂ ಒಪ್ಪಿಸಿಬಿಡುವ ಚಟ. ನಾನಾದರೂ ಎಂಥ ಪೆದ್ದಿ! ‘ಹೌದು, ಒಂದು ಸೀರೆ’ ಎಂದು ಬರೆದೆ. ಬಂತಲ್ಲ ಪತ್ರ: ಅರ್ಜಿ ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ಯಾರಿಗೂ ಮಸಾಜ್ ಮಾಡಕೂಡದು. ಕ್ಲಿನಿಕ್ಕಿನವರು ಎರಡು ತಿಂಗಳು ಕಾದು ಬೇರೆಯವರನ್ನು ಸೇರಿಸಿಕೊಂಡರು. ಗಂಡನ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಅವರು ಲ್ಯಾಪ್‌ಟಾಪ್ ಎತ್ತಿಕೊಂಡು ಬೇಸ್‌ಮೆಂಟಿಗೆ ಹೋದರು.

ಅದೇ ವಾರ ಹತ್ತಿರದ ಮನ್ರೋ ಊರಿನಿಂದ ನನ್ನ ಗೆಳತಿಯ ತಂಗಿ ಫೋನ್ ಮಾಡಿದಳು. ಹೆರಿಗೆಯಾಗಿ ಹದಿನೈದು ದಿನ; ತಾಯಿಗೆ ವೀಸಾ ಸಿಕ್ಕಿರಲಿಲ್ಲ. “ಸೊಂಟ ಎತ್ತಕ್ಕಾಗ್ತಿಲ್ಲ ಅಕ್ಕ, ಒಂದ್ಸಲ ಬನ್ನಿ” ಎಂದು ಅತ್ತಳು. ಹೋದೆ. ಆದರೆ ಮುಟ್ಟುವ ಧೈರ್ಯ ಬರಲಿಲ್ಲ. ಅವಳ ಗಂಡನ ಕೈಗೆ ಬಿಸಿ ಎಣ್ಣೆ ಕೊಟ್ಟು, ಬಾಗಿಲಲ್ಲಿ ಕೈಕಟ್ಟಿ ನಿಂತು ಹೇಳಿಕೊಟ್ಟೆ. ಹುಟ್ಟಿದಾಗಿನಿಂದ ಕೀಬೋರ್ಡ್ ಬಿಟ್ಟು ಬೇರೇನನ್ನೂ ಒತ್ತದ ಪುಣ್ಯಾತ್ಮ! ಮೂಳೆಯ ಮೇಲೆಯೇ ಒತ್ತಿದ. ಅವನಿಗೆ ಯಾವ ಲೈಸೆನ್ಸೂ ಬೇಕಿರಲಿಲ್ಲ.

ಅವಳು ಕಿರುಚಿದಳು. “ಅಕ್ಕ, ನಿಮ್ಗೆ ಬರತ್ತಲ್ಲ! ನೀವೇ ಮಾಡಿ!”

“ಆಗಲ್ಲಮ್ಮ” ಎಂದೆ.

ನನ್ನಿಂದ ಮುಖ ತಿರುಗಿಸಿಕೊಂಡಳು. ಆಮೇಲೆ ಗಂಡನಿಗೆ ಹೇಳಿದಳು, “ಬಾಗಿಲು ಹಾಕ್ಕೊಳ್ಳಿ.”